ಲಾರಿ ಹತ್ತಬಾರದ ದೋಣಿ

ಲಿಮಿಂಗ್ಟನ್: ಮುಖ ತಿರುಗಿಸುವ ಯಜಮಾನರು

ಬದನಗುಪ್ಪೆಯ ಕೈಗಾರಿಕಾ ಪ್ರದೇಶದಲ್ಲಿ ನನ್ನ ಕೆಲಸ ಕಲ್ಲು ಕಟ್ಟುವುದು. ಗೋಡೆ ಕಟ್ಟುವುದಲ್ಲ. ನಮ್ಮ ಚಾಮರಾಜನಗರದ ಕರಿಕಲ್ಲನ್ನು ಕೊಯ್ದು ಪಾಲಿಶ್ ಮಾಡಿದ ಮೇಲೆ, ಆ ಚಪ್ಪಡಿಗಳನ್ನು ಮರದ ಚೌಕಟ್ಟಿನಲ್ಲಿ ನಿಲ್ಲಿಸಿ, ಬೆಣೆ ಹೊಡೆದು, ಪಟ್ಟಿ ಬಿಗಿದು, ಹಡಗಿನಲ್ಲಿ ಅಲುಗಾಡದ ಹಾಗೆ ಕಳಿಸಬೇಕು. ಇಂಗ್ಲೆಂಡಿಗೆ ಹೋಗುವ ಕಲ್ಲೆಲ್ಲ ಹೆಚ್ಚಾಗಿ ಸಮಾಧಿಗಳಿಗೆ. ಬದುಕಿದ್ದಾಗ ನಮ್ಮೂರಿನ ಹೆಸರನ್ನೇ ಕೇಳದ ಜನರ ತಲೆಯ ಬಳಿ ಕೊನೆಗೆ ನಮ್ಮೂರಿನ ಕಲ್ಲು ನಿಂತಿರುತ್ತದೆ. ಈ ಮಾತನ್ನು ನಾನು ಗುಂಡ್ಲುಪೇಟೆಯಿಂದ ಬರುವ ಬಸ್ಸಿನಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ಈಗ ಕಂಡಕ್ಟರೇ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಕಳೆದ ಬೇಸಿಗೆಯಲ್ಲಿ ಅಲ್ಲಿಂದ ಒಂದು ದೂರು ಬಂತು. ಚಪ್ಪಡಿಗಳ ಮೂಲೆಗಳು ಒಡೆದು ಬರುತ್ತಿವೆಯಂತೆ. ಕಟ್ಟಿದವಳೇ ಹೋಗಿ ನೋಡಲಿ ಎಂದು ನಮ್ಮ ಮಾಲೀಕರು ನನ್ನನ್ನು ವಿಮಾನ ಹತ್ತಿಸಿಬಿಟ್ಟರು. ಹಾಗೆ ನಾನು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲಿಮಿಂಗ್ಟನ್ ಎಂಬ ಪುಟ್ಟ ಊರಿಗೆ, ಜೆಫ್ರಿ ಎಂಬ ವಯಸ್ಸಾದ ಕಲ್ಲುಕೆತ್ತನೆಯವರ ಅಂಗಳಕ್ಕೆ ಹೋಗಿ ನಿಂತೆ.

ಕೈ ಮುಗಿದೆ. ಅವರು ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡರು. ಮೂಲೆ ಒಡೆದದ್ದಕ್ಕೆ ಇಷ್ಟೊಂದು ಸಿಟ್ಟೇ ಎಂದು ನನಗೂ ರೇಗಿತು. ಕಾಫಿ ಕೊಡುವಾಗಲೂ ಮುಖ ಆ ಕಡೆಗೇ. ಕೊನೆಗೆ ನೆರೆಮನೆಯ ಮಾರ್ಗರೆಟ್ ಎಂಬಾಕೆ ನನ್ನನ್ನು ಪಕ್ಕಕ್ಕೆ ಕರೆದು ವಿಷಯ ತಿಳಿಸಿದರು. ಜೆಫ್ರಿಯವರ ಕಣ್ಣಿನ ನಡುಭಾಗದ ದೃಷ್ಟಿ ಹೋಗಿಬಿಟ್ಟಿದೆ. ನೇರವಾಗಿ ನೋಡಿದರೆ ಮಸುಕು, ಓರೆಯಾಗಿ ನೋಡಿದರೆ ಅಷ್ಟಿಷ್ಟು ಕಾಣುತ್ತದೆ. ಅಂದರೆ ಅವರು ಮುಖ ತಿರುಗಿಸಿದರೆ ನಮ್ಮನ್ನು ಚೆನ್ನಾಗಿ ನೋಡುತ್ತಿದ್ದಾರೆ ಎಂದು ಅರ್ಥ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಕಲ್ಲಿನ ಸಮಸ್ಯೆ ಬೇಗ ಬಗೆಹರಿಯಿತು. ಅವರ ಕಡೆಯವರು ಚೌಕಟ್ಟನ್ನು ಹಿಂದುಮುಂದಾಗಿ ಇಳಿಸುತ್ತಿದ್ದರು, ಅಷ್ಟೇ. ನಾನು ಮರದ ಮೇಲೆ ದಪ್ಪ ಬಾಣದ ಗುರುತು ಹಾಕಿ ತೋರಿಸಿದೆ. ಊರಿಗೆ ಮರಳುವ ವಿಮಾನಕ್ಕೆ ಇನ್ನೂ ದಿನಗಳಿದ್ದವು.

ಅಂಗಳದ ಹಿಂದೆ ಒಂದು ಹಳ್ಳದಂಥ ನೀರು. ಅದರಲ್ಲಿ ಒಂದು ಸಣ್ಣ ಮರದ ಹಾಯಿದೋಣಿ. ಜೆಫ್ರಿ ದಿನಕ್ಕೆ ಹತ್ತಾರು ಸಲ ಹೋಗಿ ಅದರ ಅಂಚು ಸವರಿ ಬರುತ್ತಿದ್ದರು. ಅದನ್ನು ಸೌತಾಂಪ್ಟನ್ ಬಂದರಿನಲ್ಲಿ ದೋಣಿ ಕಲಿಸುವ ಒಂದು ಶಾಲೆಗೆ ಕೊಟ್ಟುಬಿಟ್ಟಿದ್ದರು. ಡಾಕ್ಟರು ಸಮುದ್ರ ಬೇಡ ಎಂದ ಮೇಲೆ ಇಟ್ಟುಕೊಂಡು ಏನು ಮಾಡಲಿ ಎನ್ನುವುದು ಅವರ ಮಾತು. ಕೊಟ್ಟದ್ದಕ್ಕೆ ದುಃಖವಿರಲಿಲ್ಲ. ದುಃಖವೆಲ್ಲ ಅದು ಹೋಗುವ ರೀತಿಗೆ. ಮುಂದಿನ ವಾರ ಲಾರಿ ಬಂದು ಅದನ್ನು ಎತ್ತಿಕೊಂಡು ಹೋಗಲಿತ್ತು.

“ನನ್ನ ಜೀವಮಾನವೆಲ್ಲ ನೀರಿನ ಮೇಲೆ ಓಡಿದ ದೋಣಿ. ಹೆಣದ ಹಾಗೆ ಲಾರಿಯಲ್ಲಿ ಮಲಗಿ ಹೋಗಬೇಕಲ್ಲ” ಎಂದರು ಜೆಫ್ರಿ, ಮುಖವನ್ನು ಪಕ್ಕಕ್ಕೆ ತಿರುಗಿಸದೆ. ಅಂದರೆ ನನ್ನನ್ನು ನೋಡದೆ.

“ನನಗೆ ಹಾಯಿ ಬರುತ್ತದೆ” ಎಂದೆ.

ಅವರು ತಟ್ಟನೆ ಮುಖ ತಿರುಗಿಸಿದರು.

ನಾನು ಹುಟ್ಟಿದ್ದು ಉಡಿಗಾಲದಲ್ಲಿ. ನಮಗೆ ನೀರೆಂದರೆ ಕೆರೆ, ಅದೂ ಮಳೆ ಚೆನ್ನಾಗಿ ಆದ ವರ್ಷ. ಮೈಸೂರಿಗೆ ಓದಲು ಹೋದಾಗ ಎನ್‌ಸಿಸಿಯ ಭೂದಳದಲ್ಲಿ ಜಾಗ ತುಂಬಿಹೋಗಿ, ನೌಕಾದಳ ಮಾತ್ರ ಖಾಲಿ ಇತ್ತು. ಬಿಳಿ ಬಟ್ಟೆ ಚೆನ್ನಾಗಿದೆ ಎಂದು ಸೇರಿಕೊಂಡೆ. ವರುಣ ಕೆರೆಯಲ್ಲಿ ಹಾಯಿ ಬಿಚ್ಚುವುದು, ಮಡಚುವುದು, ಗಾಳಿ ಹಿಡಿಯುವುದು ಎಲ್ಲ ಕಲಿತೆ. ಆದರೆ ದೋಣಿಯಲ್ಲಿ ಯಾವಾಗಲೂ ಇನ್ನೊಬ್ಬರು ಕೂತಿರುತ್ತಿದ್ದರು. ಒಬ್ಬಳೇ ಹೋಗುತ್ತೇನೆ ಸಾರ್ ಎಂದರೆ ಮುಂದಿನ ವಾರ ಎನ್ನುತ್ತಿದ್ದರು. ಆ ಮುಂದಿನ ವಾರ ಬರಲೇ ಇಲ್ಲ, ಮದುವೆ ಬಂತು. ಸಮುದ್ರದಲ್ಲಿ ಒಬ್ಬಳೇ ಹಾಯಿ ಕಟ್ಟಿಕೊಂಡು ಒಂದು ಬಂದರಿಗೆ ಹೋಗಬೇಕೆಂಬ ಆಸೆ ಐವತ್ತು ದಾಟಿದ ಮೇಲೂ ಒಳಗೆ ಹಾಗೇ ಇತ್ತು.

ಜೆಫ್ರಿ ನನ್ನನ್ನು ಹಾಗೇ ನಂಬಲಿಲ್ಲ. ಎರಡು ದಿನ ನನ್ನ ಜೊತೆ ದೋಣಿಯಲ್ಲಿ ಕೂತು, ಹಳ್ಳದ ಬಾಯಿಯವರೆಗೆ ಹೋಗಿ ಬಂದು ಪರೀಕ್ಷೆ ಮಾಡಿದರು. ಅವರು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಹಾಯಿ ಪಟಪಟ ಎಂದರೆ “ತಡ ಮಾಡಿದಿರಿ” ಎನ್ನುತ್ತಿದ್ದರು. ಕೊನೆಗೆ ನಾನೊಬ್ಬಳೇ ಅದನ್ನು ಸೌತಾಂಪ್ಟನ್‌ಗೆ ಒಯ್ಯಲು ಒಪ್ಪಿದರು. ನಮ್ಮಲ್ಲಿ ಸ್ಕೂಟರಿಗೂ ಲೈಸೆನ್ಸ್ ಬೇಕು. ಅಲ್ಲಿ ಇಂಥ ಸಣ್ಣ ದೋಣಿಗೆ ಯಾರೂ ಏನೂ ಕೇಳುವುದಿಲ್ಲ. ಇದು ಒಳ್ಳೆಯದೋ ಕೆಟ್ಟದ್ದೋ ನನಗೆ ಆಗ ಗೊತ್ತಿರಲಿಲ್ಲ.

ಉಡಿಗಾಲದಿಂದ ನಮ್ಮ ಗೌರಕ್ಕ ಫೋನ್ ಮಾಡಿದಳು. ನನ್ನ ಅಕ್ಕ. ನನ್ನ ಪಾಲಿನ ಭಯವನ್ನೂ ತಾನೇ ಪಡುವ ಹೆಂಗಸು.

“ಎಲ್ಲಿದ್ದಯಮ್ಮಿ?”

“ಸಮುದ್ರದ ಹತ್ರ ಕಣಕ್ಕ.”

“ನೀರ್ಗ ಇಳಿಬ್ಯಾಡ ಕಣಮ್ಮಿ. ಕಲ್ಲು ನೋಡಕ್ ಓದವ್ಳು ಕಲ್ಲು ನೋಡ್ಬುಟ್ಟು ಬಾ.”

“ದೋಣಿಲಿ ಒಂದ್ ಸುತ್ತು ಓಗ್ಬುಟ್ಟು ಬತ್ತೀನಿ.”

“ಜೊತ್ಗ ಯಾರಿದ್ದರು?”

“ಯಾರೂ ಇಲ್ಲ. ನಾನೊಬ್ಳೇ.”

“ನಿನ್ ಗಂಡಂಗ ಗೊತ್ತಾ?” ಎಂದಳು. ಗೊತ್ತು ಎಂದೆ. ಗುಂಡ್ಲುಪೇಟೆಯ ಔಷಧಿ ಅಂಗಡಿಯಲ್ಲಿ ಕೂತ ನಮ್ಮನೆಯವರು ಎಲ್ಲ ಕೇಳಿಸಿಕೊಂಡು “ವಾಂತಿ ಮಾತ್ರೆ ಇಟ್ಕೊಂಡಿದ್ದೀಯಾ?” ಎಂದಷ್ಟೇ ಕೇಳಿದ್ದರು.

ಹೊರಡುವ ಬೆಳಿಗ್ಗೆ ದೋಣಿಯ ಮೂತಿಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದೆ. ಹೊಸ ಟ್ರ್ಯಾಕ್ಟರ್ ಬಂದರೆ ನಾವು ಮಾಡುವುದೇ ಅದು. ಚಕ್ರದ ಕೆಳಗೆ ನಿಂಬೆಹಣ್ಣು ಇಡೋಣ ಎಂದರೆ ದೋಣಿಗೆ ಚಕ್ರ ಎಲ್ಲಿ? ನಿಂಬೆಹಣ್ಣು ಕೈಯಲ್ಲಿ ಹಿಡಿದು ನಾನು ಯೋಚಿಸುತ್ತಿದ್ದಾಗ, ಮಾರ್ಗರೆಟ್ ಅದನ್ನು ಇಸಿದುಕೊಂಡು ಹೋಳು ಮಾಡಿ ಎಲ್ಲರ ಚಹಾಕ್ಕೂ ಹಿಂಡಿದರು. ವಿಭೂತಿಯನ್ನು ಮೊದಲನೆಯ ಅಲೆಯೇ ತೊಳೆದುಕೊಂಡು ಹೋಯಿತು.

ಬ್ಯೂಲಿ ನದಿ: ಹಗ್ಗ ಗಿಡ್ಡವಾಯಿತು

ಸಮುದ್ರ ಎಂದರೆ ದೊಡ್ಡ ಕೆರೆ ಎಂದು ನಾನು ಅಂದುಕೊಂಡಿದ್ದೆ. ಅದು ಹಾಗಿಲ್ಲ. ಕೆರೆಯಲ್ಲಿ ದೋಣಿ ಮಾತ್ರ ಚಲಿಸುತ್ತದೆ, ಇಲ್ಲಿ ನೀರೂ ಚಲಿಸುತ್ತದೆ. ನಾನು ಮೂತಿಯನ್ನು ಒಂದು ಮರದ ಕಡೆ ತಿರುಗಿಸಿದರೆ ದೋಣಿ ಪಕ್ಕದ ಮನೆಯ ಕಡೆ ಹೋಗುತ್ತಿತ್ತು. ಬೆನ್ನಿನ ಹಿಂದಿನಿಂದ ಗಾಳಿ ಬೀಸುತ್ತಿತ್ತು, ಬಿಸಿಲಿತ್ತು. ಹೆದರಿಕೆ ಮೊದಲ ಸ್ವಲ್ಪ ಹೊತ್ತು ಮಾತ್ರ. ಆಮೇಲೆ ನಾನು ಜೋರಾಗಿ ಹಾಡಿದೆ. ಕೇಳುವವರು ಯಾರೂ ಇಲ್ಲದ ಜಾಗದಲ್ಲಿ ಒಬ್ಬಳೇ ಇರುವ ಸುಖ ನಮ್ಮ ಹೆಂಗಸರಿಗೆ ಸುಲಭವಾಗಿ ಸಿಗುವುದಿಲ್ಲ. ಅಂದು ನನಗೆ ಹೊಟ್ಟೆ ತುಂಬ ಸಿಕ್ಕಿತು.

ಎದುರಿಗೆ ಬಂದ ದೋಣಿಯವರೆಲ್ಲ ಕೈ ಎತ್ತುತ್ತಿದ್ದರು. ಗುರುತು ಪರಿಚಯ ಏನೂ ಬೇಡ. ನೆಲದ ಮೇಲೆ ಬಸ್ಸಿನಲ್ಲಿ ಪಕ್ಕದಲ್ಲೇ ಕೂತರೂ ಕಿಟಕಿ ನೋಡುವ ಈ ಜನ ನೀರಿಗಿಳಿದ ಕೂಡಲೇ ನೆಂಟರಾಗಿಬಿಡುತ್ತಾರೆ.

ಮಧ್ಯಾಹ್ನ ಬ್ಯೂಲಿ ಎಂಬ ನದಿಯ ಒಳಗೆ ತಿರುಗಿದೆ. ಎರಡೂ ದಡದಲ್ಲಿ ಓಕ್ ಮರಗಳು, ತುಂಬಿ ನಿಂತ ನೀರು. ದಡದಿಂದ ನೀರಿಗೆ ಚಾಚಿದ ಹಳೆಯ ಮರದ ಅಟ್ಟಣೆಯೊಂದಕ್ಕೆ ದೋಣಿ ಕಟ್ಟಿ ರಾತ್ರಿ ಅಲ್ಲೇ ಒಂದು ಮನೆಯಲ್ಲಿ ತಂಗುವುದು ಎಂದು ಏರ್ಪಾಡಾಗಿತ್ತು.

ಇಲ್ಲಿ ನಾನು ಉಡಿಗಾಲದವಳಾಗಿಬಿಟ್ಟೆ. ನಮ್ಮಪ್ಪ ಹಸು ಕಟ್ಟುವುದನ್ನು ನಮಗೆ ಕಲಿಸಿದ್ದು ಒಂದೇ ರೀತಿ: ಹಗ್ಗ ಗಿಡ್ಡ ಇರಬೇಕು. ಉದ್ದ ಬಿಟ್ಟರೆ ಅದು ಪಕ್ಕದವರ ಅವರೆಗೆ ಬಾಯಿ ಹಾಕುತ್ತದೆ, ಸಂಜೆ ಜಗಳ ಮನೆಗೆ ಬರುತ್ತದೆ. ಹಾಗಾಗಿ ದೋಣಿಯ ಮೂತಿಯ ಬಳಿ ಹಗ್ಗ ಸುತ್ತಲು ನೆಟ್ಟಿದ್ದ ಮರದ ಗೂಟದಿಂದ ಅಟ್ಟಣೆಯ ಕಂಬಕ್ಕೆ, ಒಂದು ಗೇಣು ಸಡಿಲವೂ ಇಲ್ಲದ ಹಾಗೆ, ಬಿಗಿಯಾಗಿ ಕಟ್ಟಿದೆ. ದೋಣಿ ಎಲ್ಲಿಗೂ ಹೋಗದು ಎಂದು ಖುಷಿಪಟ್ಟೆ. ಮೇಲೆ ಹೋಗಿ, ಗೌರಕ್ಕ ಕೊಟ್ಟ ಹುರಿಹಿಟ್ಟಿಗೆ ಬೆಲ್ಲ ಕಲಸಿ ತಿಂದು, ಓಕ್ ಮರದ ಕೆಳಗೆ ಮಲಗಿ ನಿದ್ದೆ ಹೋದೆ.

ಉಬ್ಬರ ಇಳಿತದ ಬಗ್ಗೆ ಎನ್‌ಸಿಸಿ ಪರೀಕ್ಷೆಯಲ್ಲಿ ನಾನು ಪೂರ್ತಿ ಅಂಕ ತೆಗೆದವಳು. ಆದರೆ ನಾನು ಕಂಡ ನೀರು ಇಳಿಯುವುದು ಬೇಸಿಗೆಯಲ್ಲಿ, ಅದೂ ತಿಂಗಳುಗಟ್ಟಲೆ ಹಿಡಿದು. ಒಂದು ನಿದ್ದೆಯ ಹೊತ್ತಿನಲ್ಲಿ ನದಿಯೇ ಕೆಳಗೆ ಹೋಗುತ್ತದೆ ಎಂದು ನನ್ನ ಮೈಗೆ ಗೊತ್ತಿರಲಿಲ್ಲ.

“ಕ್ಷಮಿಸಿ, ಇದು ನಿಮ್ಮ ದೋಣಿಯೇ?” ಎಂದು ಯಾರೋ ಎಬ್ಬಿಸಿದರು. ಒಬ್ಬ ಎತ್ತರದ ಮನುಷ್ಯ, ಪಕ್ಕದಲ್ಲಿ ಜೀವರಕ್ಷಕ ಅಂಗಿ ತೊಟ್ಟ ನಾಯಿ. ನನಗೇ ಅಂಥ ಹೊಸ ಅಂಗಿ ಸಿಕ್ಕಿರಲಿಲ್ಲ. ಎದ್ದು ನೋಡಿದೆ. ನೀರು ಆಳುದ್ದ ಇಳಿದುಹೋಗಿತ್ತು. ದೋಣಿ ಮುಂಗಾಲೆತ್ತಿದ ಹೋರಿಯ ಹಾಗೆ ಮೂತಿಯನ್ನು ಆಕಾಶಕ್ಕೆ ಎತ್ತಿ ಹಗ್ಗದಲ್ಲಿ ನೇತಾಡುತ್ತಿತ್ತು. ಹಿಂಭಾಗ ಮಾತ್ರ ನೀರಿನಲ್ಲಿ.

ಆ ಮನುಷ್ಯ ಬಹಳ ಯೋಚಿಸಿ, “ಬಹುಶಃ ಹಗ್ಗ ಸ್ವಲ್ಪ ಗಿಡ್ಡವಾಯಿತೇನೋ” ಎಂದರು.

ನಮ್ಮೂರಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಅರ್ಧ ಊರು ಸೇರಿ, ಒಬ್ಬೊಬ್ಬರೂ ಒಂದೊಂದು ಉಪಾಯ ಹೇಳಿ, ನನ್ನ ವಂಶವನ್ನೆಲ್ಲ ಜಾಲಾಡಿರುತ್ತಿದ್ದರು. ಇಲ್ಲಿ ಇವರು ನನಗೆ ಬೇಜಾರಾಗಬಾರದೆಂದು ಹಗ್ಗದ ಮೇಲೆ ತಪ್ಪು ಹಾಕುತ್ತಿದ್ದರು. ನನಗೆ ನಗುವೂ ಬಂತು, ಅಳುವೂ ಬಂತು. ಗಂಟು ಕಲ್ಲಿನಂತೆ ಬಿಗಿದುಹೋಗಿತ್ತು. ಬೇರೆ ದಾರಿಯಿಲ್ಲದೆ ಚಾಕುವಿನಿಂದ ಹಗ್ಗ ಕೊಯ್ದೆ. ಮೂತಿ ಧಡ್ ಎಂದು ನೀರಿಗೆ ಬಿತ್ತು. ದೋಣಿ ಒಡೆಯಲಿಲ್ಲ. ಆದರೆ ಆ ಗೂಟ ಬುಡದಿಂದ ಕಿತ್ತುಕೊಂಡು, ಮಕ್ಕಳ ಹಾಲುಹಲ್ಲಿನ ಹಾಗೆ ಅಲುಗಾಡುತ್ತಿತ್ತು.

ಕೂಡಲೇ ಜೆಫ್ರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. “ಬರುತ್ತೇನೆ” ಎಂದರು.

ಮಾರ್ಗರೆಟ್ ಕಾರಿನಲ್ಲಿ ಕರೆತಂದರು. ಅಲ್ಲಿಯ ಬೇಸಿಗೆಯ ಸಂಜೆ ಬೇಗ ಮುಗಿಯುವುದಿಲ್ಲ, ಇನ್ನೂ ಒಳ್ಳೆಯ ಬೆಳಕಿತ್ತು. ಜೆಫ್ರಿ ದೋಣಿಗೆ ಇಳಿದು, ಸಂತೆಯಲ್ಲಿ ಎತ್ತು ಕೊಳ್ಳುವವರು ಮೈ ಸವರುವ ಹಾಗೆ, ಒಂದೊಂದು ಹಲಗೆಯನ್ನೂ ಕೈಯಿಂದ ನೋಡಿದರು. ಕೊನೆಗೆ ಗೂಟ ಹಿಡಿದು ಅಲ್ಲಾಡಿಸಿದರು.

“ಇದಿಲ್ಲದೆ ಲಂಗರು ಹಾಕಲಾಗದು. ಅಪಾಯವಾದರೆ ಯಾರೂ ನಿಮ್ಮನ್ನು ಎಳೆದು ತರಲೂ ಆಗದು. ದೊಡ್ಡ ಬಂದರಿನೊಳಗೆ ನಿಮ್ಮನ್ನು ಹೀಗೆ ಕಳಿಸಲಾರೆ” ಎಂದರು. ಗೂಟದಿಂದ ಕೈ ತೆಗೆದು, “ನಾಳೆ ಲಾರಿಗೆ ಹೇಳುತ್ತೇನೆ. ನಿಮ್ಮ ತಪ್ಪಲ್ಲ” ಎಂದರು.

ನನ್ನದೇ ತಪ್ಪು. ನನ್ನ ಆಸೆ ಹಾಳಾದರೆ ಹೋಗಲಿ, ಅವರು ಬೇಡಬೇಡ ಎಂದ ಲಾರಿಯನ್ನು ನಾನೇ ಕರೆಸಿದ ಹಾಗಾಯಿತಲ್ಲ ಎಂದು ನನ್ನನ್ನೇ ಬೈದುಕೊಂಡೆ. “ಕತ್ತಲಾಗುವವರೆಗೆ ಸಮಯ ಕೊಡಿ” ಎಂದೆ.

ಗೂಟದ ಬುಡ ನೋಡಿದರೆ ಮರ ಮುರಿದಿರಲಿಲ್ಲ. ಕೂತಿದ್ದ ತೂತು ಅಗಲವಾಗಿತ್ತು. ಇದು ನನ್ನ ದಿನದ ಕೆಲಸ. ಅಲುಗಾಡುವುದನ್ನು ಅಲುಗಾಡದ ಹಾಗೆ ಕೂರಿಸುವುದಕ್ಕೇ ನನಗೆ ಸಂಬಳ ಕೊಡುವುದು. ನಾಯಿಯ ಯಜಮಾನರನ್ನು ಕೇಳಿ, ಚೆನ್ನಾಗಿ ಒಣಗಿದ ಓಕ್ ತುಂಡು ತರಿಸಿ ಬೆಣೆ ಕೆತ್ತಿದೆ. ಜೆಫ್ರಿ ಬೆಣೆಯನ್ನು ಕೈಗೆ ತೆಗೆದುಕೊಂಡು ಮೂಗಿಗೆ ಹಿಡಿದು ವಾಸನೆ ನೋಡಿದರು.

“ಒಣಗಿದ್ದು. ನೀರು ಕುಡಿದು ಉಬ್ಬುತ್ತದೆ” ಎಂದರು.

“ಉಬ್ಬಿ ಇನ್ನೂ ಬಿಗಿಯಾಗುತ್ತದೆ” ಎಂದೆ.

ಒಣಬೆಣೆ ಬಡಿದು, ಅದಕ್ಕೆ ನೀರು ಹೊಯ್ದು ಬಂಡೆಯನ್ನೇ ಸೀಳುವ ಉಪಾಯ ಅವರ ಕಡೆಯೂ ಇತ್ತಂತೆ, ನಮ್ಮ ಕಡೆಯೂ ಇತ್ತು. ಇಬ್ಬರೂ ಕಲ್ಲಿನ ಜನ. ಅಷ್ಟು ದಿನದಲ್ಲಿ ನಾವು ಒಂದೇ ಊರಿನವರ ಹಾಗೆ ಮಾತಾಡಿದ್ದು ಅದೇ ಮೊದಲು. ಬೆಣೆಯನ್ನು ತೂತಿನ ಬಾಯಿಗೆ ಅವರೇ ಹಿಡಿದರು. ಸುತ್ತಿಗೆ ನನ್ನ ಕೈಯಲ್ಲಿ. ಕಣ್ಣು ಕಾಣದ ಮನುಷ್ಯ, ತನ್ನ ದೋಣಿಯನ್ನು ನೇತುಹಾಕಿದ ಹೆಂಗಸಿನ ಸುತ್ತಿಗೆಯ ಕೆಳಗೆ ಬೆರಳು ಇಟ್ಟುಕೊಂಡು ಕೂತಿದ್ದರು. ನಾನು ಸುತ್ತಿಗೆ ಎತ್ತಿ ಹಿಡಿದೇ ಇದ್ದೆ. “ಹೊಡೆಯಿರಿ” ಎಂದರು. ಹೊಡೆದೆ. ಚಪ್ಪಡಿ ಕಟ್ಟುವ ಹಾಗೆ ಹಗ್ಗವನ್ನು ಎಂಟರ ಅಂಕಿಯಂತೆ ಸುತ್ತಿ, ಕೋಲು ಹಾಕಿ ತಿರುಚಿ ಬಿಗಿದೆ.

ಜೆಫ್ರಿ ಗೂಟಕ್ಕೆ ಹಗ್ಗ ಹಾಕಿ, ಎರಡೂ ಕಾಲು ಹಲಗೆಗೆ ಒತ್ತಿ, ಮೈಭಾರವೆಲ್ಲ ಬಿಟ್ಟು ಜಗ್ಗಿದರು. ಮತ್ತೆ ಜಗ್ಗಿದರು. ಗೂಟ ಮಿಸುಕಲಿಲ್ಲ. ಎದ್ದು ಬಟ್ಟೆ ಕೊಡವಿಕೊಂಡು, ನನ್ನ ಕಡೆಯಿಂದ ಪೂರ್ತಿ ಮುಖ ತಿರುಗಿಸಿ, “ಸರಿ, ಹೋಗಿ” ಎಂದರು. ಆ ರಾತ್ರಿ ದೋಣಿಗೆ ಎಷ್ಟು ಉದ್ದದ ಹಗ್ಗ ಬಿಟ್ಟೆನೆಂದರೆ, ಹಸುವಾಗಿದ್ದರೆ ಅದು ಸಂತೆಮರಹಳ್ಳಿಯವರೆಗೂ ಮೇದು ಬರುತ್ತಿತ್ತು.

ಕಾಲ್ಶಾಟ್: ಎಲ್ಲರಿಗೂ ಕೈ ಬೀಸಿದವರು

ಮರುದಿನ ಒಳ್ಳೆಯ ಗಾಳಿ. ನದಿಯಿಂದ ಹೊರಬಂದು ಪೂರ್ವಕ್ಕೆ ಹೋದರೆ, ಕಾಲ್ಶಾಟ್ ಎಂಬಲ್ಲಿ ನೆಲ ಒಂದು ನಾಲಿಗೆಯಂತೆ ಸಮುದ್ರಕ್ಕೆ ಚಾಚಿಕೊಂಡಿದೆ. ಅಲ್ಲಿ ಎಡಕ್ಕೆ ತಿರುಗಿದರೆ ಸೌತಾಂಪ್ಟನ್ ಬಂದರಿನ ದಾರಿ. ಆ ನಾಲಿಗೆಯ ತುದಿಯಲ್ಲಿ ನಿಂತು ಕೈ ಬೀಸುತ್ತೇನೆ ಎಂದು ಜೆಫ್ರಿ ಹೇಳಿದ್ದರು.

ದೂರದಿಂದಲೇ ಕಂಡರು. ಹ್ಯಾಟು ತೆಗೆದು ಜೋರಾಗಿ ಬೀಸುತ್ತಿದ್ದರು. ನಾನೂ ಎದ್ದು ನಿಂತು ಬೀಸಿದೆ. ಹತ್ತಿರ ಹೋದ ಮೇಲೆ ನೋಡಿದರೆ ಅವರು ಬೀಸುತ್ತಿದ್ದದ್ದು ನನಗಲ್ಲ, ನನ್ನ ಮುಂದೆ ಹೋಗುತ್ತಿದ್ದ ದೊಡ್ಡ ಬಿಳಿ ದೋಣಿಗೆ. ಅದರಲ್ಲಿದ್ದವರೂ ಖುಷಿಯಿಂದ ತಿರುಗಿ ಬೀಸಿದರು. ಆಮೇಲೆ ಅದರ ಹಿಂದಿನದಕ್ಕೆ ಬೀಸಿದರು. ಆಮೇಲೆ ಒಂದು ಕಡಲಹಕ್ಕಿಗಳ ಗುಂಪಿಗೂ ಬೀಸಿದರು ಎಂದು ಕಾಣುತ್ತದೆ. ಬಿಳಿಯಾಗಿ ಕಂಡದ್ದಕ್ಕೆಲ್ಲ ಬೀಸಿದರೆ ಅದರಲ್ಲಿ ಒಂದಾದರೂ ತನ್ನ ದೋಣಿ ಇದ್ದೇ ಇರುತ್ತದೆ ಎನ್ನುವ ಲೆಕ್ಕ ಅವರದು. ಪಕ್ಕದಲ್ಲಿದ್ದ ಮಾರ್ಗರೆಟ್ ಅವರ ಭುಜ ಹಿಡಿದು ನನ್ನ ಕಡೆ ತಿರುಗಿಸುವ ಹೊತ್ತಿಗೆ ಕೈ ಸೋತು ಹ್ಯಾಟು ಎದೆಯ ಮೇಲಿತ್ತು.

“ಜೆಫ್ರೀ!” ಎಂದು ಕೂಗಿದೆ. ಗಾಳಿ ಕೂಗನ್ನು ಬೇರೆಲ್ಲಿಗೋ ಕೊಂಡೊಯ್ದಿತು. ಅವರು ಮತ್ತೆ ಹ್ಯಾಟು ಎತ್ತಿದರು, ಈ ಸಲ ನನಗೇ. ಕಣ್ಣು ತುಂಬಿಕೊಂಡಿತು. ತಿರುವಿನಲ್ಲಿ ಕಣ್ಣು ತುಂಬಿಕೊಂಡರೆ ಹಾಯಿಯ ಅಡ್ಡಕೋಲು ತಲೆಗೆ ಬಡಿಯುತ್ತದೆ ಎಂದು ಅಂದು ಕಲಿತೆ. ಬುಗುಟು ಎದ್ದಿತು.

ಹಡಗಿನ ದಾರಿ: ಬಂಡೀಪುರದ ನಿಯಮ

ಸೌತಾಂಪ್ಟನ್‌ನ ನೀರು ನಮ್ಮ ಚಾಮರಾಜನಗರದ ಬಸ್ ಸ್ಟ್ಯಾಂಡಿನಂತೆ. ಎಲ್ಲ ಕಡೆಯಿಂದಲೂ ಎಲ್ಲವೂ ಬರುತ್ತವೆ. ಜನರನ್ನು ದಾಟಿಸುವ ಲಾಂಚುಗಳು, ಹಡಗೆಳೆಯುವ ಟಗ್ಗುಗಳು, ಕಾರು ತುಂಬಿದ ಪೆಟ್ಟಿಗೆಯಂಥ ಹಡಗುಗಳು, ಅವುಗಳ ನಡುವೆ ನನ್ನಂಥ ಸೊಳ್ಳೆಗಳು. ದೊಡ್ಡವಕ್ಕೆ ಕೆಂಪು, ಹಸಿರು ಪೀಪಾಯಿಗಳನ್ನು ತೇಲಿಸಿ ದಾರಿ ಗುರುತು ಮಾಡಿದ್ದಾರೆ. ಸಣ್ಣವು ಅದರ ಹೊರಗೆ ಇರಬೇಕು. ಆದರೆ ಶಾಲೆ ಇದ್ದ ಇಚೆನ್ ನದಿಯ ಬಾಯಿ ಆಚೆ ದಡದಲ್ಲಿತ್ತು. ಎಲ್ಲಾದರೂ ಒಂದು ಕಡೆ ದೊಡ್ಡ ದಾರಿಯನ್ನು ದಾಟಲೇಬೇಕು. ಅದೂ ನೀರು ಇಳಿಯುವ ಮುಂಚೆ, ಏಕೆಂದರೆ ನೀರಿಳಿದರೆ ಶಾಲೆಯ ಮುಂದೆ ಬರೀ ಕೆಸರು.

ದಾಟೋಣ ಎಂದು ಅಂಚಿಗೆ ಬಂದೆ. ಅಷ್ಟರಲ್ಲಿ ಹಿಂದಿನಿಂದ ಒಂದು ಹಡಗು ಬಂತು. ಮೇಲೆ ಬಣ್ಣಬಣ್ಣದ ಕಂಟೈನರುಗಳು. ಅಂಥ ಪೆಟ್ಟಿಗೆಗಳ ಬಾಗಿಲನ್ನು ನಾನು ಎಷ್ಟೋ ಸಲ ಹಾಕಿ ಕಳಿಸಿದ್ದೇನೆ, ಅವು ಹೋಗುವುದು ಇಂಥ ಬೆಟ್ಟದ ಮೇಲೆ ಎಂದು ಕಂಡದ್ದು ಮಾತ್ರ ಅಂದೇ. ನಮ್ಮ ಕರಿಕಲ್ಲೂ ಅದರಲ್ಲಿ ಎಲ್ಲೋ ಇದ್ದರೂ ಇರಬಹುದು ಎಂದು ಒಂದು ಕ್ಷಣ ಹೆಮ್ಮೆಯಿಂದ ಬಾಯಿಬಿಟ್ಟು ನೋಡುತ್ತ ಕೂತೆ.

ಹಡಗಿನ ಮುಂದೆ ನೀಲಿ ದೀಪ ಮಿನುಗಿಸುತ್ತ ಒಂದು ಪುಟ್ಟ ಕಾವಲು ಲಾಂಚು ನನ್ನ ಕಡೆ ಬಂತು. ಅದರಲ್ಲಿದ್ದ ಹುಡುಗಿ ಕೈಯಲ್ಲಿ ಮೈಕು ಹಿಡಿದು ಕೂಗಿದಳು.

“ಶುಭೋದಯ ಮೇಡಂ! ಹಡಗಿನ ಮುಂದೆ ಯಾರೂ ದಾಟುವ ಹಾಗಿಲ್ಲ. ದಯವಿಟ್ಟು ಅಲ್ಲೇ ಇರುತ್ತೀರಾ?”

ಅಲ್ಲೇ ಇರುವುದು ಹೇಗೆ? ದೋಣಿಗೆ ಬ್ರೇಕ್ ಇಲ್ಲ. ಗಾಳಿ ಆಗಲೇ ಸತ್ತುಹೋಗಿತ್ತು, ನೀರು ನನ್ನನ್ನು ಮೆಲ್ಲಗೆ ಹಡಗಿನ ದಾರಿಗೇ ಎಳೆಯುತ್ತಿತ್ತು. ಅವಳು ನಗುತ್ತ ಕೇಳಿದ್ದಳು, ನನಗೆ ಮಾತ್ರ ಬೆವರು ಕಿತ್ತುಕೊಂಡು ಬಂತು. ಆಗ ನನಗೆ ನೆನಪಾದದ್ದು ಎನ್‌ಸಿಸಿಯಲ್ಲ, ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ರಸ್ತೆ. ಬಂಡೀಪುರದಲ್ಲಿ ಆನೆ ಎದುರಾದರೆ ನಾವು ಏನು ಮಾಡುತ್ತೇವೆ? ಹಾರನ್ ಹೊಡೆಯುವುದಿಲ್ಲ, ಪಕ್ಕದಲ್ಲಿ ತೂರಿಸುವುದಿಲ್ಲ, ಫೋಟೊ ತೆಗೆಯಲು ಇಳಿಯುವುದಿಲ್ಲ. ಹಿಂದಕ್ಕೆ ಸರಿದು, ಅದು ದಾಟುವವರೆಗೆ ಗಪ್‌ಚುಪ್ ಕೂರುತ್ತೇವೆ. ದಾರಿ ಅದರದು, ನಮ್ಮದಲ್ಲ.

ಹಾಯಿ ಇಳಿಸಿ, ದಡದ ಕಡೆ ತುಸು ಹುಟ್ಟು ಹಾಕಿದೆ. ಆಳ ಕಡಿಮೆ ಇದ್ದ ಕಡೆ ಲಂಗರು ಬಿಟ್ಟು, ಅದರ ಹಗ್ಗವನ್ನು ಗೂಟಕ್ಕೆ ಸುತ್ತಿದೆ. ನಿನ್ನೆ ಕೂರಿಸಿದ ಗೂಟ. ಹಗ್ಗ ಬಿಗಿಯಾಯಿತು. ಗೂಟ ನಿಂತಿತು. ದೋಣಿಯೂ ನಿಂತಿತು. ಉಸಿರು ಬಂತು.

ಹಡಗು ಹೋಗಲು ಬಹಳ ಹೊತ್ತೇ ಹಿಡಿಯಿತು. ಅದರ ನೆರಳು ನನ್ನ ಮೇಲೆ ಬಿದ್ದು ಹೋಯಿತು. ಬಹಳ ಎತ್ತರದಿಂದ ಒಬ್ಬ ನಾವಿಕ ನನ್ನನ್ನು ಬಗ್ಗಿ ನೋಡಿ ಸಲಾಂ ಹೊಡೆದ. ಆಮೇಲೆ ಅದರ ಅಲೆ ಬಂತು. ಉಳಿದಿದ್ದ ಹುರಿಹಿಟ್ಟೆಲ್ಲ ಡಬ್ಬಿಯಿಂದ ಹಾರಿ ನನ್ನ ತಲೆಯ ಮೇಲೆ. ಲಾಂಚಿನ ಹುಡುಗಿ ಹತ್ತಿರ ಬಂದು, “ತುಂಬ ಚೆನ್ನಾಗಿ ನಿಂತಿರಿ. ಎಲ್ಲಿ ಕಲಿತಿರಿ?” ಎಂದಳು.

“ಆನೆಗಳ ಹತ್ತಿರ” ಎಂದೆ. ಹುರಿಹಿಟ್ಟು ಮೆತ್ತಿದ ನನ್ನ ಮುಖ ನೋಡಿ ಹೌದಿರಬಹುದು ಎಂದುಕೊಂಡಳೋ ಏನೋ, ಕೈ ಎತ್ತಿ ದಾರಿ ಬಿಟ್ಟಳು.

ಇಚೆನ್ ನದಿಯ ಬಾಯಿ

ಗಾಳಿ ಮತ್ತೆ ಬಂತು. ದೊಡ್ಡ ದಾರಿ ದಾಟಿ ಆಚೆ ದಡಕ್ಕೆ ಬಂದೆ. ಸೌತಾಂಪ್ಟನ್‌ನ ನೀರಿಗೆ ಒಂದು ಒಳ್ಳೆಯ ಗುಣವಿದೆ, ಏರಿದ ಮೇಲೆ ಬೇಗ ಇಳಿಯುವುದಿಲ್ಲ, ಬಂದ ನೆಂಟರಂತೆ ಸ್ವಲ್ಪ ಹೊತ್ತು ಕೂತೇ ಹೋಗುತ್ತದೆ. ದೋಣಿಗಳನ್ನು ನೀರಿಗಿಳಿಸುವ ಶಾಲೆಯ ಇಳಿಜಾರು ಕಾಣಿಸಿತು. ಅಲ್ಲಿ ಒಂದಷ್ಟು ಜನ ಕ್ಯಾಮೆರಾ, ಚಹಾ ಹಿಡಿದು ನಿಂತಿದ್ದರು. ಇನ್ನು ಒಂದೇ ಒಂದು ತಿರುವು. ನನ್ನ ಆಸೆ ಕೈಗೆಟುಕುವಷ್ಟು ದೂರದಲ್ಲಿತ್ತು. ಒಬ್ಬಳೇ, ಹಾಯಿ ಕಟ್ಟಿಕೊಂಡು, ಇಷ್ಟು ದೊಡ್ಡ ಬಂದರಿನೊಳಗೆ. ಗೌರಕ್ಕನಿಗೆ ಹೇಳುವ ಮಾತನ್ನು ಆಗಲೇ ಜೋಡಿಸಿಕೊಳ್ಳುತ್ತಿದ್ದೆ.

ಇಳಿಜಾರಿಗಿಂತ ಹೊರಗೆ, ನೀರಿನ ಮೇಲೆ ತೇಲುವ ಒಂದು ಕಟ್ಟೆ. ಅದರ ತುದಿಯಲ್ಲಿ ಜೆಫ್ರಿ ಕುರ್ಚಿ ಹಾಕಿಕೊಂಡು ಕೂತಿದ್ದರು, ಮಾರ್ಗರೆಟ್ ಪಕ್ಕದಲ್ಲಿ. ಈ ಸಲ ಅವರು ಯಾರಿಗೂ ಕೈ ಬೀಸುತ್ತಿರಲಿಲ್ಲ. ತಲೆ ಬಗ್ಗಿಸಿ ಕೇಳುತ್ತಿದ್ದರು. ನನ್ನ ಹಾಯಿಯ ರಾಟೆ ಕಿರ್ ಎಂದಿತು. “ಬಂದಳು” ಎಂದರು, ಮಾರ್ಗರೆಟ್ ಹೇಳುವ ಮೊದಲೇ. ಅಲ್ಲಿಯವರಿಗೆ ದೋಣಿ ಹೆಣ್ಣು. ಅವಳು ಎಂದರೆ ದೋಣಿ, ನಾನಲ್ಲ.

ಆಗ ಅವರ ಬಲಗೈ ನೋಡಿದೆ. ಅದು ತೊಡೆಯ ಮೇಲಿತ್ತು, ಮುಷ್ಟಿ ಏನನ್ನೋ ಹಿಡಿದ ಹಾಗೆ ಮಡಚಿತ್ತು. ಗಾಳಿ ಸ್ವಲ್ಪ ಎಡಕ್ಕೆ ಹೊರಳಿತು, ನಾನು ಚುಕ್ಕಾಣಿ ಸರಿಸಿದೆ. ಅಲ್ಲಿ ಕುರ್ಚಿಯ ಮೇಲೆ ಅವರ ಮುಷ್ಟಿಯೂ ಸರಿಯಿತು, ನನಗಿಂತ ತುಸು ಮೊದಲು. ಅವರು ಕೂತಲ್ಲಿಂದಲೇ ದೋಣಿ ನಡೆಸುತ್ತಿದ್ದರು.

ನಾನು ಸಂತಳಲ್ಲ. ಒಂದು ಕ್ಷಣ ನೋಡದ ಹಾಗೆ ಹೋಗಿಬಿಡೋಣ ಎನಿಸಿತು. ಮೂವತ್ತು ವರ್ಷ ಕಾದ ಮುಂದಿನ ವಾರ ಅದು. ಬೈದುಕೊಳ್ಳುತ್ತಲೇ ಮೂತಿ ತಿರುಗಿಸಿ ಕಟ್ಟೆಗೆ ತಂದೆ.

“ಹತ್ತಿ ಜೆಫ್ರಿ” ಎಂದೆ.

ಮಾರ್ಗರೆಟ್ ಗಾಬರಿಯಾದರು. “ಡಾಕ್ಟರು ಸಮುದ್ರ ಬೇಡ ಎಂದಿದ್ದಾರೆ!”

“ಇದು ನದಿ” ಎಂದೆ.

ಜೆಫ್ರಿ ಆ ಮಾತು ಮುಗಿಯುವುದನ್ನೂ ಕಾಯಲಿಲ್ಲ. ಅವರು ಇಳಿದು ಕೂತು ಚುಕ್ಕಾಣಿ ಹಿಡಿದ ಕೂಡಲೇ ದೋಣಿಯ ಓಟವೇ ಬದಲಾಯಿತು. ನಾನು ಅಷ್ಟು ದೂರ ಎಳೆದು ತಂದದ್ದು ಅವರ ಕೈಯಲ್ಲಿ ತಾನಾಗಿ ಹೋಗುತ್ತಿತ್ತು. ನಾನು ಮುಂದೆ ನಿಂತು ನಮ್ಮ ಬಸ್ ಕಂಡಕ್ಟರ್ ಹಾಗೆ ಕೂಗಿದೆ: ಬಲಕ್ಕೆ, ಇನ್ನೂ ಬಲಕ್ಕೆ, ನೇರ, ನೇರ. ಅವರು ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು, ಕೆನ್ನೆಗೆ ಗಾಳಿ ಹಿಡಿದು, ಒಂದು ಸಲವೂ ಹಾಯಿ ಪಟಪಟ ಎನ್ನದ ಹಾಗೆ ಇಳಿಜಾರಿಗೆ ತಂದು ಮೆತ್ತಗೆ ಮುಟ್ಟಿಸಿದರು.

ಜನ ಚಪ್ಪಾಳೆ ಹೊಡೆದರು. ಶಾಲೆಯವರೊಬ್ಬರು ನನ್ನನ್ನು, “ಲಿಮಿಂಗ್ಟನ್‌ನಿಂದ ಒಬ್ಬರೇ ಬಂದಿರಂತೆ?” ಎಂದು ಕೇಳಿದರು.

“ಹೌದು, ಒಬ್ಬರೇ ತಂದರು. ನಾನು ಪ್ಯಾಸೆಂಜರ್” ಎಂದರು ಜೆಫ್ರಿ.

“ಸುಳ್ಳು. ಬಂದರಿಗೆ ತಂದವರು ಇವರು” ಎಂದೆ.

ಚಹಾ ಮುಗಿಯುವವರೆಗೂ ಇಬ್ಬರೂ ಹಟ ಬಿಡಲಿಲ್ಲ. ಸಂಜೆ ಅಕ್ಕ ಫೋನ್ ಮಾಡಿ ಮೊದಲು ಕೇಳಿದ್ದೇ, “ಒಬ್ಳೇ ಓಗ್ಬುಟ್ಯಾ ಅಮ್ಮಿ?” ಎಂದು. ಇಲ್ಲ ಕಣಕ್ಕ, ಕೊನೇಲಿ ಒಬ್ರ ಹತ್ತುಸ್ಕಂಡಿ ಎಂದೆ. “ಸದ್ಯ ಬುಡು” ಎಂದು ಉಸಿರುಬಿಟ್ಟಳು. ಒಬ್ಬಳೇ ಬಂದರು ಸೇರಿದವಳು ಎನಿಸಿಕೊಳ್ಳುವ ಆಸೆ ನನಗೆ ಈಗಲೂ ಇದೆ. ಆ ದಿನ, ಜೆಫ್ರಿ ಚುಕ್ಕಾಣಿ ಹಿಡಿದ ಆ ಕೊನೆಯ ತಿರುವಿನಲ್ಲಿ ಮಾತ್ರ ಇರಲಿಲ್ಲ.